ಕಾರ್ಡು ಕೇಳಿದವಳ ಸೇಡು

ಜಪಾನಿನಲ್ಲಿ ಗಾಂಜಾ ಕಾರ್ಡು ಮಾಡಿಸುವುದು ಹೇಗೆ ಎಂದು ನಾನು ಕೇಳಿದ್ದು ಒಂದೇ ಒಂದು ಸಲ. ಅದೂ ನೋವು ತಡೆಯಲಾರದೆ. ಆ ಒಂದು ಪ್ರಶ್ನೆಗೆ ನನ್ನ ಮಾನ ಹರಾಜು ಹಾಕಿದವಳನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವ ಆಸೆಯೂ ಇಲ್ಲ.

ಹಮಾಮತ್ಸುವಿಗೆ ಬಂದ ಮೂರನೆಯ ವರ್ಷ ನನಗೆ ಸರ್ಪಸುತ್ತು ಎದ್ದಿತು. ಗುಳ್ಳೆ ಒಣಗಿತು, ನೋವು ಹೋಗಲಿಲ್ಲ. ಎಡ ಪಕ್ಕೆಗೆ ಬಟ್ಟೆ ತಾಗಿದರೂ ಕಾದ ಸೌಟು ಇಟ್ಟ ಹಾಗಾಗುತ್ತಿತ್ತು. ಅಮೆರಿಕದಲ್ಲಿರುವ ಗೆಳತಿ ಫೋನಿನಲ್ಲಿ, "ಇಲ್ಲಿ ಡಾಕ್ಟರ್ ಬರ್ಕೊಟ್ರೆ ಕಾರ್ಡ್ ಸಿಗತ್ತೆ ಕಣೇ, ಗಾಂಜಾ ಎಣ್ಣೆ ಅಂಗಡೀಲೇ ತಗೋಬಹುದು. ಅಲ್ಲಿ ವಿಚಾರ್ಸು," ಎಂದಳು. ನಾನು ದಡ್ಡಿ, ವಿಚಾರಿಸಿದೆ. ಎಲ್ಲಿ? ಹಮಾಮತ್ಸುವಿನ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ!

ಆ ಗ್ರೂಪನ್ನು ನಡೆಸುತ್ತಿದ್ದವರನ್ನು ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು. ಯುಗಾದಿ ಊಟದಿಂದ ಹಿಡಿದು ಯಾರ ಮಗುವಿಗೆ ಯಾವ ಶಾಲೆ ಎನ್ನುವವರೆಗೆ ಎಲ್ಲವೂ ಅವರ ಮೂಲಕವೇ. ಎರಡು ನಿಮಿಷದಲ್ಲಿ ನನ್ನ ಪ್ರಶ್ನೆ ಅಳಿಸಿದರು. ಮರುದಿನದಿಂದ ಅಡ್ಮಿನ್ ಬಿಟ್ಟು ಬೇರೆ ಯಾರೂ ಬರೆಯದ ಹಾಗೆ ಗ್ರೂಪಿಗೇ ಬೀಗ ಹಾಕಿದರು. ಅಷ್ಟಕ್ಕೇ ಬಿಟ್ಟಿದ್ದರೆ ಸುಮ್ಮನಿರುತ್ತಿದ್ದೆ. ಮನೆಮನೆಗೆ ಫೋನ್ ಮಾಡಿ, "ಅವಳಿಗೆ ಅಭ್ಯಾಸ ಇದೆ ಅನ್ಸತ್ತೆ ರೀ, ಮಕ್ಕಳ ವಿಷಯ ನೋಡಿ," ಎಂದರಂತೆ. ಶನಿವಾರ ಶನಿವಾರ ನಾನು ಸಮುದಾಯ ಭವನದಲ್ಲಿ ನಡೆಸುತ್ತಿದ್ದ ಕನ್ನಡ ಕ್ಲಾಸಿಗೆ ಆ ವಾರ ಒಂದೇ ಒಂದು ಮಗು ಬಂತು. ಅಕ್ಕನ ಮಗಳು. ಎಂಟು ವರ್ಷ. ನನಗೆ ಆ ಮಕ್ಕಳಲ್ಲೆಲ್ಲ ಅವಳೇ ಮುದ್ದು. ಹತ್ತು ನಿಮಿಷಕ್ಕೆ ಅಕ್ಕ ಬಂದು ಅವಳ ಕೈ ಹಿಡಿದು ಎಳೆದುಕೊಂಡು ಹೋದರು. ಕ್ಲಾಸು ಅಲ್ಲಿಗೆ ನಿಂತಿತು. ಸಂಜೆ ಫೋನ್ ಮಾಡಿದರೆ ನನ್ನ ನಂಬರನ್ನು ಬ್ಲಾಕ್ ಮಾಡಿದ್ದರು.

ನಾನು ಆಮೇಲೆ ಆಸ್ಪತ್ರೆಗೇ ಹೋಗಿ ಡಾಕ್ಟರನ್ನು ಕೇಳಿದೆ. ಅವರು ಹಲ್ಲಿನ ಸಂದಿಯಿಂದ ಸ್ಸ್ ಎಂದು ಗಾಳಿ ಎಳೆದುಕೊಂಡು, ಅಂಥ ಕಾರ್ಡು ಈ ದೇಶದಲ್ಲಿ ಇಲ್ಲ ಎಂದರು. ಆ ಗಿಡದಿಂದ ತಯಾರಿಸಿ ಸರಕಾರ ಒಪ್ಪಿದ ಔಷಧಿಗೆ ಮಾತ್ರ ಈಗ ಕಾನೂನಿನಲ್ಲಿ ಜಾಗವಿದೆಯಂತೆ, ಅದೂ ನನ್ನ ನೋವಿಗಲ್ಲವಂತೆ. ಉಳಿದಂತೆ ಇಟ್ಟುಕೊಂಡರೂ ಜೈಲು, ತಿಂದರೂ ಜೈಲು, ಹೊರದೇಶದಿಂದ ತಂದರಂತೂ ಕೇಳುವುದೇ ಬೇಡ. "ದಯವಿಟ್ಟು ಊರಿನಿಂದ ಏನನ್ನೂ ತರಿಸಬೇಡಿ," ಎಂದು ತಲೆಬಾಗಿ ಕೇಳಿಕೊಂಡರು. ನರದ ನೋವಿನ ಮಾತ್ರೆ ಬರೆದುಕೊಟ್ಟರು. ಔಷಧಿ ಅಂಗಡಿಯವಳು ಮಾತ್ರೆಯ ಹೆಸರಿನ ಚೀಟಿಯನ್ನು, ಇಲ್ಲಿ ಪ್ರತಿ ರೋಗಿಯೂ ಇಟ್ಟುಕೊಳ್ಳುವ ಔಷಧಿ ಪುಸ್ತಕದಲ್ಲಿ ನೀಟಾಗಿ ಅಂಟಿಸಿದಳು. ಇಷ್ಟೇ ಕಥೆ. ಈ ಪುಸ್ತಕ ತೆಗೆದು ಅಕ್ಕನ ಮುಖಕ್ಕೆ ಹಿಡಿಯಬೇಕೆಂದು ಎಷ್ಟು ದಿನ ಹಲ್ಲು ಕಡಿದಿದ್ದೇನೋ!

ಒಂದು ವರ್ಷ ಕಾದೆ. ಒಂದು ಭಾನುವಾರ ಬೆಳಿಗ್ಗೆ ಗ್ರೂಪಿನಲ್ಲಿ ಅಕ್ಕನ ಫೋಟೋ ಬಂತು. ಮಗಳನ್ನು ಕರೆದುಕೊಂಡು ಬ್ಯಾಂಕಾಕಿಗೆ ಹೋಗಿದ್ದರು, ಅವತ್ತು ವಾಪಸು. ಇಲ್ಲಿ ಯಾರೇ ಊರು ಬಿಟ್ಟು ಹೋಗಿ ಬರಲಿ, ಆಫೀಸಿಗೂ ಅಕ್ಕಪಕ್ಕದವರಿಗೂ ತಿಂಡಿಯ ಡಬ್ಬ ತರಲೇಬೇಕು. ಅದಕ್ಕೆ ಒಮಿಯಾಗೆ ಎನ್ನುತ್ತಾರೆ. ಹಸಿರು ಡಬ್ಬಗಳ ಗೋಪುರವನ್ನು ಮಡಿಲಲ್ಲಿಟ್ಟುಕೊಂಡು ಅಕ್ಕ ನಗುತ್ತಿದ್ದರು. ಕೆಳಗೆ, "ಎಲ್ಲರಿಗೂ ಒಮಿಯಾಗೆ ರೆಡಿ! ಅಲ್ಲಿನ ಸ್ಪೆಷಲ್ ಹರ್ಬಲ್ ಬಿಸ್ಕತ್ತು. ಇವರ ಆಫೀಸಿಗೂ ನಾಲ್ಕು ಡಬ್ಬ. ಇನ್ನು ಎರಡೂವರೆ ಗಂಟೆಯಲ್ಲಿ ಫ್ಲೈಟ್."

ಡಬ್ಬದ ಮೇಲೆ ಏಳು ಬೆರಳಿನ ಎಲೆ. ಅದರ ಕೆಳಗೆ ಸಣ್ಣಕ್ಷರದಲ್ಲಿ ಗಾಂಜಾದ ಇಂಗ್ಲಿಷ್ ಹೆಸರೂ ಇತ್ತು; ಬ್ಯಾಂಕಾಕಿನಲ್ಲಿ ಅದನ್ನು ಅಂಗಡಿಯಲ್ಲೇ ಮಾರುತ್ತಾರೆ. ನೋವಿನ ತಿಂಗಳುಗಳಲ್ಲಿ ಆ ಎಲೆಯ ಬಗ್ಗೆ ನಾನು ಓದದೇ ಬಿಟ್ಟದ್ದು ಏನೂ ಇರಲಿಲ್ಲ. ಬೇರೆ ಎಲ್ಲರೂ ಆ ಫೋಟೋದ ಕೆಳಗೆ ಹೃದಯದ ಗುರುತು ಒತ್ತುತ್ತಿದ್ದರು.

ನನಗೆ ಏನನಿಸಿತು ಎಂದು ಸುಳ್ಳು ಹೇಳುವುದಿಲ್ಲ. ಖುಷಿಯಾಯಿತು. ಬರಲಿ, ವಿಮಾನ ನಿಲ್ದಾಣದ ನಾಯಿ ಮೂಸಲಿ, ಆಗ ಅಭ್ಯಾಸ ಯಾರಿಗಿದೆ ಅಂತ ಊರಿಗೆಲ್ಲ ಗೊತ್ತಾಗಲಿ ಎಂದುಕೊಂಡೆ. ಕಾಫಿ ಬೆರೆಸಿಕೊಂಡೆ. ಬಾಲ್ಕನಿಯಲ್ಲಿ ಕೂತು ನಿಧಾನವಾಗಿ ಕುಡಿದೆ. ಇನ್ನೊಂದು ಲೋಟ ಬೆರೆಸಿಕೊಂಡೆ. ಗ್ರೂಪಿಗೆ ಬೀಗ, ನನ್ನ ನಂಬರು ಬ್ಲಾಕ್, ನಾನೇನು ಮಾಡಲಿ? ಅವರ ಕೈಯಾರೆ ಅವರೇ ಮಾಡಿಕೊಂಡದ್ದು.

ಒಂದು ಗಂಟೆಯ ಮೇಲಾಯಿತು. ಫೋಟೋವನ್ನು ಇನ್ನೊಮ್ಮೆ ಸವಿಯೋಣವೆಂದು ತೆರೆದೆ. ಆಗ ಕಂಡಿತು, ಮೂಲೆಯಲ್ಲಿ ಪುಟ್ಟ ಕೈಯೊಂದು ಮೇಲಿನ ಡಬ್ಬದ ರಿಬ್ಬನ್ ಎಳೆಯುತ್ತಿತ್ತು. ಅಯ್ಯೋ ದೇವರೇ ಎಂದು ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಓಡಿದೆ.

ಅಕ್ಕನ ಮನೆ ಪಕ್ಕದ ಬೀದಿಯಲ್ಲಿ, ಐದು ನಿಮಿಷದ ದಾರಿ. ಅವರ ಯಜಮಾನರು ಬಾಗಿಲು ತೆಗೆದರು. ಒಳ್ಳೆಯ ಮನುಷ್ಯ.

"ಸಾರ್, ಅಕ್ಕಂಗೆ ಫೋನ್ ಮಾಡಿ. ಆ ಬಿಸ್ಕತ್ತಲ್ಲಿ ಗಾಂಜಾ ಇದೆ."

ಅವರು ನಿಂತಲ್ಲೇ ಫೋನ್ ಹಚ್ಚಿದರು. ಮೂರನೆಯ ಸಲಕ್ಕೆ ಅಕ್ಕ ಫೋನ್ ಎತ್ತಿದರು. ಸ್ಪೀಕರಿನಲ್ಲಿ ಅವರ ದನಿ ಕೇಳಿಸಿತು. "ಯಾರು, ಅವಳಾ ಹೇಳಿದ್ದು? ಹೊಟ್ಟೆಕಿಚ್ಚು ರೀ ಅವಳಿಗೆ! ಯಾವ್ದೋ ಸೊಪ್ಪು ಅದು, ಹರ್ಬಲ್ಲು."

"ಮೊದ್ಲು ಡಬ್ಬದ ಹಿಂದುಗಡೆ ಓದೇ!" ಎಂದು ಯಜಮಾನರು ಕೂಗಿದರು. ಅವರು ಕೂಗಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಆ ಕಡೆ ಡಬ್ಬ ತಿರುಗಿಸಿದ್ದು ಕೇಳಿಸಿತು. ಆಮೇಲೆ ಮಗುವಿನ ದನಿ: "ಮಮ್ಮಿ, ಕ್ಯಾನ್ ಐ ಹ್ಯಾವ್ ಒನ್ ನೌ? ಪ್ಲೀಸ್?" ಅದರ ಹಿಂದೆಯೇ ಪಟ್ ಎಂದು ಏಟು ಬಿದ್ದ ಸದ್ದು, ಮಗುವಿನ ಅಳು, ಡಬ್ಬಗಳು ಕಸದ ತೊಟ್ಟಿಗೆ ಬೀಳುವ ಸದ್ದು.

ಅಕ್ಕ ಮರುದಿನ ನನ್ನ ಮನೆಗೇ ಬಂದರು. "ಯಾರಿಗೂ ಹೇಳ್ಬೇಡ ಕಣೇ, ಇವರ ಕೆಲಸ ಹೋಗತ್ತೆ. ಏನ್ ಬೇಕಾದ್ರೂ ಮಾಡ್ತೀನಿ," ಎಂದು ನನ್ನ ಕೈ ಹಿಡಿದರು. ಏನು ಬೇಕೆಂದು ನಾನು ಒಂದು ವರ್ಷದಿಂದ ಯೋಚಿಸಿಟ್ಟಿದ್ದೆ. ನನ್ನ ಆಫೀಸಿನಲ್ಲಿ ಯಾರು ತಪ್ಪು ಮಾಡಿದರೂ ಶಿಮಾತ್ಸುಶೋ ಎಂಬ ಪತ್ರ ಬರೆಯಬೇಕು. ಏನು ನಡೆಯಿತು, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ನಡೆಯಿತು, ಯಾಕೆ, ಮತ್ತೆ ಆಗದ ಹಾಗೆ ಏನು ಮಾಡುತ್ತೇನೆ, ಎಲ್ಲವನ್ನೂ ಕೈಬರಹದಲ್ಲೇ ಬರೆಯಬೇಕು. ನಾನೇ ಮೂರು ಸಲ ಬರೆದು ಅವಮಾನ ನುಂಗಿದ್ದೇನೆ.

"ಬಿಸ್ಕತ್ತಿನ ವಿಷಯ ನಾನು ಎತ್ತಲ್ಲ ಅಕ್ಕ," ಎಂದೆ. "ಆದ್ರೆ ನನ್ನ ಬಗ್ಗೆ ಹಬ್ಬಿಸಿದ್ದಕ್ಕೆ ಶಿಮಾತ್ಸುಶೋ ಬರೀರಿ. ಕನ್ನಡದಲ್ಲಿ. ಟೈಮ್ ಸಮೇತ. ಶನಿವಾರ ಎಲ್ಲಾರ್ನೂ ಕರೆದು ನೀವೇ ಓದ್ಬೇಕು. ಅವತ್ತಿಂದ ನನ್ನ ಕ್ಲಾಸ್ ಮತ್ತೆ ಶುರು."

ಶನಿವಾರ ಭವನ ತುಂಬಿತ್ತು. ನಾನು ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಔಷಧಿ ಪುಸ್ತಕ ಹಿಡಿದು ಮುಂದೆ ಕೂತಿದ್ದೆ. ಅಕ್ಕ ತಲೆ ತಗ್ಗಿಸಿ ಓದಿದರು. ಪ್ರಶ್ನೆ ಅಳಿಸಿದ್ದು, ಯಾರ್ಯಾರಿಗೆ ಫೋನ್ ಮಾಡಿದ್ದು, ಹೇಳಿದ್ದೆಲ್ಲ ಸುಳ್ಳು ಎಂಬುದು, ಎಲ್ಲವೂ ಬಂತು. ಒಂದೊಂದು ಸಾಲಿಗೂ ನನ್ನ ಪಕ್ಕೆಯ ಉರಿ ಇಳಿಯುತ್ತಿದೆ ಅನಿಸಿತು. ಕೊನೆಯ ಹಾಳೆಗೆ ಬಂದಾಗ ಅವರು ತಲೆ ಎತ್ತಿದರು.

"ಭಾನುವಾರ ನಾನು ಬಿಸ್ಕತ್ತಿನ ಡಬ್ಬದ ಫೋಟೋ ಹಾಕಿದ್ದು ಜಪಾನ್ ಸಮಯ ಹತ್ತು ಗಂಟೆಗೆ. ಅದರಲ್ಲಿ ಗಾಂಜಾ ಇತ್ತು, ನನಗೆ ಗೊತ್ತಿರಲಿಲ್ಲ. ಇದನ್ನು ಹೇಳಿದರೆ ನಮಗೇ ತೊಂದರೆ ಅಂತ ಗೊತ್ತಿದ್ದೂ ಹೇಳುತ್ತಿದ್ದೇನೆ. ನಮ್ಮ ಟೀಚರು ಆ ಫೋಟೋ ನೋಡಿದ್ದು ಹತ್ತು ಗಂಟೆ ಎರಡು ನಿಮಿಷಕ್ಕೆ. ಯಾರು ಯಾವಾಗ ನೋಡಿದರು ಅಂತ ಗ್ರೂಪಿನಲ್ಲಿ ನನಗೆ ಕಾಣುತ್ತದೆ. ಅವರು ನಮ್ಮ ಮನೆ ಬಾಗಿಲು ತಟ್ಟಿದ್ದು ಹನ್ನೊಂದು ಇಪ್ಪತ್ತಕ್ಕೆ. ಅಷ್ಟು ಹೊತ್ತೂ ನನ್ನ ಮಗಳು ಬಿಸ್ಕತ್ತು ಕೊಡು ಅಂತ ಕೇಳುತ್ತಲೇ ಇದ್ದಳು."

ಪತ್ರ ಮಡಿಸಿ ನನ್ನ ಕೈಗಿಟ್ಟು ಹೋಗಿ ಕೂತರು. ಅವರ ಯಜಮಾನರು ನನ್ನನ್ನೇ ನೋಡುತ್ತಿದ್ದರು. ಮೊದಲ ಸಾಲಿನಲ್ಲಿದ್ದ ಅಕ್ಕನ ಮಗು ಹೊಸ ನೋಟ್‌ಬುಕ್ ತೆರೆದು, ಪೆನ್ಸಿಲ್ ಹಿಡಿದು ಕಾಯುತ್ತಿತ್ತು.

"ಮಿಸ್, ಇವತ್ತು ಏನ್ ಬರೀಬೇಕು?" ಎಂದಿತು.