ನನ್ನ ಪತ್ರಗಳನ್ನು ಓದಿದವರು

ಈಗಿನ ಕಾಲದಲ್ಲೂ ಪತ್ರ ಬರೆಯುತ್ತೀರಾ ಎಂದು ನಗುವವರಿಗೆ ನನ್ನದು ಒಂದೇ ಉತ್ತರ: ನನ್ನ ಗೆಳತಿಯ ಕೇರಿಯಲ್ಲಿ ಫೋನು ಹತ್ತುವುದಿಲ್ಲ. ನಾನಿರುವುದು ಮುಂಡಗೋಡದ ಪೇಟೆಯಲ್ಲಿ, ನಮ್ಮ ಕಿರಾಣಿ ಅಂಗಡಿಯ ಹಿಂದಿನ ಮನೆಯಲ್ಲಿ. ಅವಳಿರುವುದು ಜೋಯಿಡಾ ಕಾಡಿನೊಳಗಿನ ಒಂದು ಸಿದ್ದಿ ಕೇರಿಯಲ್ಲಿ. ನಾನು ಯಾರಿಗೋ ಕೊಟ್ಟ ಹಳೆಯ ಕಾದಂಬರಿಯೊಂದು ಕೈಯಿಂದ ಕೈಗೆ ದಾಟಿ ಅವಳಿಗೆ ಸಿಕ್ಕಿತ್ತು. ಪುಸ್ತಕದ ಮೊದಲ ಹಾಳೆಯಲ್ಲಿ ನನ್ನ ವಿಳಾಸ ಬರೆದಿಡುವ ಚಟ ನನಗೆ. ಒಂದು ದಿನ ಅಂಚೆಯಲ್ಲಿ ಕಾಗದ ಬಂತು. 'ಈ ಪುಸ್ತಕದ ಕೊನೆಯ ಹಾಳೆಗಳು ಹರಿದುಹೋಗಿವೆ. ಆ ಸೊಸೆ ತವರಿಗೆ ಹೋದಳೋ, ಅಲ್ಲೇ ಉಳಿದಳೋ? ದಯವಿಟ್ಟು ತಿಳಿಸಿ, ಇಲ್ಲಿ ನಿದ್ದೆ ಇಲ್ಲ.' ನಾನು ಪುಟಗಟ್ಟಲೆ ಉತ್ತರ ಬರೆದು ಹಾಕಿದೆ. ಹಾಗೆ ಶುರುವಾಯಿತು.

ನಾನು ಪುಸ್ತಕ ಕಳಿಸುವುದು, ಅವಳು ಓದಿ ಜಗಳ ತೆಗೆಯುವುದು. ಅವಳ ಅಭಿಪ್ರಾಯಗಳೋ ವಿಚಿತ್ರ. ಒಂದು ಸಾಲಿನಲ್ಲಿ ನಾಯಕ ದೇವರಂಥವನು ಎನ್ನುತ್ತಿದ್ದಳು, ಮುಂದಿನ ಸಾಲಿನಲ್ಲಿ ಅವನನ್ನು ಹಿಡಿದು ಒದೆಯಬೇಕು ಎನ್ನುತ್ತಿದ್ದಳು. ಚಂಚಲ ಬುದ್ಧಿಯವಳು ಎಂದುಕೊಂಡೆ. ಅದೂ ನನಗೆ ಹಿಡಿಸಿತ್ತು.

ಪುಸ್ತಕದ ಮಾತು ಮುಗಿದ ಮೇಲೆ ಮನೆಯ ಮಾತು ಬಂತು. ನಾದಿನಿ ನನಗೆ ಕಾಣದಂತೆ ಎಣ್ಣೆ ಡಬ್ಬಿ ಮುಚ್ಚಿಡುವುದರಿಂದ ಹಿಡಿದು ಎಲ್ಲವನ್ನೂ ಬರೆದೆ. ಆಮೇಲೆ ಒಂದು ಸಲ, ಯಾರ ಮುಂದೆಯೂ ಆಡದ ಮಾತನ್ನು ಬರೆದೆ. ನನ್ನ ಚೊಚ್ಚಲ ಮಗಳು ತೊಟ್ಟಿಲಿಗೆ ಹಾಕುವ ಮೊದಲೇ ತೀರಿಕೊಂಡಳು. ಹೆಸರಿಡದ ಮಗು ನಮ್ಮ ಮನೆಯಲ್ಲಿ ಲೆಕ್ಕಕ್ಕಿಲ್ಲ. ಮುಂದೆ ಗಂಡುಮಕ್ಕಳಾದರು, ಎಲ್ಲರೂ ಅವಳನ್ನು ಮರೆತರು. ನಾನು ಮಾತ್ರ ಅವಳಿಗೊಂದು ಹೆಸರಿಟ್ಟು ಮನಸ್ಸಿನಲ್ಲೇ ಕರೆಯುತ್ತಿದ್ದೆ. ಗಂಡನಿಗೂ ಹೇಳಿರಲಿಲ್ಲ. ಆ ಹೆಸರನ್ನು ಈ ಗೆಳತಿಗೆ ಬರೆದೆ. ಯಾರಿಗೂ ಹೇಳಬೇಡ ಎಂದು ಬರೆದು ಕೆಳಗೆ ಗೆರೆಯನ್ನೂ ಎಳೆದೆ. ಇಲ್ಲಿ ಮಾತ್ರ ಅದನ್ನು ಬರೆಯಲಾರೆ. ಒಮ್ಮೆ ಬರೆದು ಆದದ್ದೇ ಸಾಕು.

ಹೋದ ವರ್ಷ ದಾಂಡೇಲಿಯಲ್ಲಿ ನೆಂಟರ ಮದುವೆಯಿತ್ತು. ಬರುತ್ತೇನೆಂದು ಅವಳಿಗೆ ಮೊದಲೇ ಕಾಗದ ಹಾಕಿ, ಮದುವೆಯ ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆ. ಗಣೇಶಗುಡಿಯಲ್ಲಿ ಇಳಿದಾಗ ಅವಳೇ ಓಡಿ ಬಂದು ಕೈಚೀಲ ಕಸಿದುಕೊಂಡಳು. ಅವಳ ಮುಖ ನೋಡಿದ್ದು ಅದೇ ಮೊದಲು. ಜೀಪಿನಲ್ಲಿ ಸ್ವಲ್ಪ ದೂರ, ಆಮೇಲೆ ನಡಿಗೆ. ದಾರಿಯುದ್ದಕ್ಕೂ ಇಬ್ಬರೂ ಪುಸ್ತಕದ ಬಗ್ಗೆಯೇ ಬಡಬಡಿಸಿದೆವು.

ಅವಳ ಅಂಗಳದಲ್ಲಿ ದೊಡ್ಡ ಕೌದಿಯೊಂದನ್ನು ಹರವಿಕೊಂಡು ಹೆಂಗಸರ ಗುಂಪೇ ಕೂತಿತ್ತು. ಹಳೆ ಸೀರೆಯ ತುಂಡುಗಳನ್ನು ಜೋಡಿಸಿ ಎಲ್ಲರೂ ಒಟ್ಟಿಗೆ ಹೊಲಿಯುತ್ತಿದ್ದರು. ಚಹಾ ಬಂತು. ಒಬ್ಬ ಮುದುಕಿ ಸೂಜಿ ನಿಲ್ಲಿಸಿ ನನ್ನನ್ನೇ ನೋಡಿದಳು.

'ನಿಮ್ಮ ನಾದಿನಿ ಇನ್ನೂ ಎಣ್ಣಿ ಮುಚ್ಚಿ ಇಡ್ತಾಳೇನ್ರೀ?'

ಚಹಾ ನೆತ್ತಿಗೇರಿತು. ನಾನು ಕೆಮ್ಮುತ್ತಿರುವಾಗಲೇ ಇನ್ನೊಬ್ಬಳು, 'ಆ ಹೀರೋನ್ನ ಒದೀಬೇಕು ಅಂದಾಕಿ ನಾನ ನೋಡ್ರಿ' ಎಂದು ಎದೆ ಮುಟ್ಟಿಕೊಂಡಳು. 'ನಿಮ್ಮ ಕಾಗದ ಬಂತಂದ್ರ ಎಲ್ಲಾರೂ ಸೂಜಿ ಹಿಡಕೊಂಡು ಇಲ್ಲೇ ಕೂಡ್ತೇವ್ರಿ. ಈಕಿ ಓದ್ತಾಳ, ನಮ್ಮ ಕೊಂಕಣಿಯೊಳಗ ತಿಳಿಸಿ ಹೇಳ್ತಾಳ.'

ಒಬ್ಬಳಿಗೆ ಬರೆದಿದ್ದೇನೆ ಎಂದುಕೊಂಡು ಇಷ್ಟು ವರ್ಷ ಒಂದು ಅಂಗಳಕ್ಕೆ ಬರೆದಿದ್ದೆ! ಬರೆದದ್ದನ್ನೆಲ್ಲ ಮನಸ್ಸಿನಲ್ಲಿ ಗಡಬಡಿಸಿ ತಿರುವಿ ಹಾಕುತ್ತಿದ್ದೆ. ಆಗ ಒಬ್ಬ ಎಳೆಯ ತಾಯಿ, ಕೋಳಿಯ ಹಿಂದೆ ಓಡುತ್ತಿದ್ದ ಪುಟ್ಟ ಹುಡುಗಿಯನ್ನು ಗದರಿ ಕರೆದಳು.

ಅದೇ ಹೆಸರು. ನಾನೇ ಒಂದು ಸಲವೂ ಬಾಯಿಬಿಟ್ಟು ಅನ್ನದ ಹೆಸರು. ಅಂಗಳದಲ್ಲಿ ಕೋಳಿಗಳ ನಡುವೆ ಅದನ್ನು ಕೂಗುತ್ತಿದ್ದರು. ಚಹಾದ ಲೋಟ ಕೆಳಗಿಟ್ಟು ಎದ್ದೆ.

ಗೆಳತಿಯ ರಟ್ಟೆ ಹಿಡಿದು ಗೋಡೆಯ ಪಕ್ಕಕ್ಕೆ ಎಳೆದೆ. 'ಯಾರಿಗೂ ಹೇಳಬ್ಯಾಡ ಅಂತ ಗೆರಿ ಎಳದು ಬರದಿದ್ದೆ. ಓದಿಲ್ಲೇನು?'

'ಓದೇನ್ರಿ ಅಕ್ಕಾರ. ಅದನ್ನೂ ಎಲ್ಲಾರಿಗೂ ಓದಿ ಹೇಳೇನಿ. ಒಬ್ಬರೂ ಹೊರಗ ಬಾಯಿ ಬಿಟ್ಟಿಲ್ರಿ.'

ನನ್ನ ಸಿಟ್ಟು ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಅವರಲ್ಲಿ ಕಾಗದವನ್ನು ಒಬ್ಬರೇ ಓದಿಕೊಂಡರೆ ಕೆಟ್ಟ ಸುದ್ದಿ ಮುಚ್ಚಿಡುತ್ತಿದ್ದಾರೆ ಎಂದು ಉಳಿದವರು ಹೆದರುತ್ತಾರಂತೆ. 'ಆ ಕಾಗದ ಓದಿದ ದಿನ ಯಾರೂ ಹೊಲೀಲಿಲ್ರಿ' ಎಂದು ಹುಡುಗಿಯ ತಾಯಿಯತ್ತ ಕೈ ತೋರಿಸಿದಳು. 'ಆಕಿ ಆವಾಗ ಬಸುರಿ. ಹೆಣ್ಣ ಆದ್ರ ಅದ ಹೆಸರು ಇಡ್ತೇನಿ, ಹೆಸರು ಹಂಗ ಖಾಲಿ ಇರಬಾರದು ಅಂದ್ಲು.'

ಇದನ್ನು ಕೇಳಿ ಕರಗಿಹೋದೆ ಎಂದರೆ ಸುಳ್ಳಾಗುತ್ತದೆ. ಸಿಟ್ಟು ಇಳಿಯಲೇ ಇಲ್ಲ. ನನ್ನದು ಅಂತ ನನಗಿದ್ದದ್ದು ಅದೊಂದೇ. ಅದನ್ನೂ ನನ್ನನ್ನು ಕೇಳದೆ ಕೊಟ್ಟುಬಿಟ್ಟಿದ್ದರು.

ಆ ತಾಯಿಗೆ ನಮ್ಮ ಮಾತು ಕೇಳಿಸಿತ್ತು. ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ನನ್ನ ಎದುರಿಗೆ ಬಂದು ನಿಂತಳು. 'ನಿಮಗ ಬ್ಯಾಡಂದ್ರ ಬದಲ್ ಮಾಡ್ತೇನ್ರಿ ಅಕ್ಕಾರ. ಸಣ್ಣಾಕಿ ಅದಾಳ, ಬ್ಯಾರೆ ಹೆಸರು ರೂಢಿ ಆಗ್ತೈತಿ. ನೀವು ಹೇಳ್ರಿ.'

ಕೌದಿಯ ಸುತ್ತ ಎಲ್ಲರ ಕೈ ನಿಂತಿತ್ತು. ನಾನೊಂದು ಮಾತು ಹೇಳಿದ್ದರೆ ಸಾಕು, ಆ ಹೆಸರು ನನಗೆ ವಾಪಸ್ಸು ಬರುತ್ತಿತ್ತು. ಬಂದರೆ ಮತ್ತೆ ನನ್ನೊಳಗೇ, ಯಾರೂ ಓಗೊಡದ ಕಡೆ. ಮಗುವಿನ ಮೂಗು ಸೋರುತ್ತಿತ್ತು, ಕೈಯಲ್ಲಿ ಕೋಳಿಯ ಪುಕ್ಕವಿತ್ತು. ನನ್ನ ಮಗಳಿಗೆ ಈ ವಯಸ್ಸು ಬರಲೇ ಇಲ್ಲ.

'ಬದಲ್ ಮಾಡಬ್ಯಾಡವಾ. ಇರ್ಲಿ' ಎಂದೆ.

'ಹಂಗಾದ್ರ ಒಮ್ಮೆ ಕರೀರಿ.'

ಬಾಯಿ ತೆರೆದೆ. ಆ ಹೆಸರು ಎಷ್ಟು ಜೋರಾಗಿ ಬಂತೆಂದರೆ ನಾನೇ ಬೆಚ್ಚಿಬಿದ್ದೆ. ಮಗು ಹೆದರಿ ತಾಯಿಯ ಹೆಗಲಿಗೆ ಮುಖ ಒತ್ತಿಕೊಂಡಿತು. ಕಣ್ಣೊರೆಸಿಕೊಂಡು, ಈ ಸಲ ಮೆತ್ತಗೆ ಕರೆದೆ.

ತಿರುಗಿ ನೋಡಿದಳು.