ಕಿವಿಯಣ್ಣನ ಗಾಡಿಯ ತಂಪು

ಗಾಜಿನ ಅಂಗಡಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರಿರಲಿಲ್ಲ. ಮಾಲೀಕನಿಂದ ಲೋಡು ಹೊರುವವರವರೆಗೆ ಎಲ್ಲರಿಗೂ ಅವನು ಕಿವಿಯಣ್ಣ. ಕಸುಬೇ ಕೊಟ್ಟ ಬಿರುದು ಅದು. ಅವನ ಪಿಕಪ್ ಗಾಡಿಯ ಹಿಂಬದಿಯಲ್ಲಿ ಓರೆಯಾಗಿ ನಿಂತ ಕಬ್ಬಿಣದ ಚೌಕಟ್ಟಿಗೆ ಆಳೆತ್ತರದ ಗಾಜಿನ ಹಾಳೆಗಳನ್ನು ಒರಗಿಸಿ, ನಡುನಡುವೆ ರಬ್ಬರು, ಕಂಬಳಿಯ ತುಂಡು ತುರುಕಿ, ಹಗ್ಗ ಬಿಗಿಯುತ್ತಿದ್ದರು. ಅಷ್ಟನ್ನು ಯಾರು ಬೇಕಾದರೂ ಮಾಡಿಯಾರು. ಗಾಡಿ ಹೊರಟ ಮೇಲಿನದು ಬೇರೆಯೇ ವಿದ್ಯೆ. ಹಗ್ಗ ಸಡಿಲವಾದರೆ ಗಾಜು ಒಂದು ಬಗೆಯಲ್ಲಿ ಗುಂಯ್‌ಗುಡುತ್ತದೆ. ರಬ್ಬರು ಜಾರಿದರೆ ಹಲ್ಲು ಕಡಿದಂತೆ ಸದ್ದು ಮಾಡುತ್ತದೆ. ಅಂಚಿಗೆ ಅಂಚು ತಾಗಿದರೆ ಸಣ್ಣದೊಂದು ‘ಟಿಂಗ್’. ಅದರ ಮುಂದಿನ ಸದ್ದು ಒಡೆಯುವ ಸದ್ದೇ. ಕಿಟಕಿ ಏರಿಸಿಕೊಂಡು, ರೇಡಿಯೋ ಮುಟ್ಟದೆ, ಬೆನ್ನ ಹಿಂದಕ್ಕೆ ಕಿವಿಗೊಟ್ಟು ಓಡಿಸುವ ಅವನು ಆ ಟಿಂಗ್ ಕೇಳಿದ ಕೂಡಲೇ ರಸ್ತೆಬದಿಗೆ ನಿಲ್ಲಿಸಿ, ಕಟ್ಟು ಬಿಗಿದು, ಮತ್ತೆ ಹೊರಡುತ್ತಿದ್ದ. ದೊಡ್ಡ ದೊಡ್ಡ ಕನ್ನಡಿಗಳನ್ನು ಮಾಲೀಕ ಅವನೊಬ್ಬನ ಗಾಡಿಗೆ ಮಾತ್ರ ಏರಿಸುತ್ತಿದ್ದುದು ಅದಕ್ಕೇ.

ಆ ಕಿವಿ ಮಂದವಾಗತೊಡಗಿದ್ದು ಯಾವಾಗ ಎಂಬುದು ಅವನಿಗೂ ತಿಳಿಯದು. ಮೊದಲು ತಿಳಿದದ್ದು ತನ್ನ ಕಿವಿ ಕೆಟ್ಟಿತೆಂದಲ್ಲ, ಜನ ಕೆಟ್ಟರೆಂದು. ಲೋಡು ಹೊರುವವರು ತನ್ನನ್ನು ಕಂಡೊಡನೆ ದನಿ ತಗ್ಗಿಸುತ್ತಾರೆ ಅನ್ನಿಸಿತು. ಅಡುಗೆಮನೆಯಲ್ಲಿ ಹೆಂಡತಿ ಫೋನು ಹಿಡಿದು ತನ್ನ ತಮ್ಮನೊಡನೆ ಗುಟ್ಟು ಮಾತಾಡುತ್ತಾಳೆ ಅನ್ನಿಸಿತು. ದೂರದಲ್ಲಿ ಇಬ್ಬರು ನಕ್ಕರೆ ಆ ನಗುವಿಗೆ ತಾನೇ ಕಾರಣ. ಅವನು ಮಾತು ಕಡಿಮೆ ಮಾಡಿದ, ಕಣ್ಣು ಹೆಚ್ಚು ಮಾಡಿದ. ಎದುರಿಗಿದ್ದವರ ತುಟಿಯನ್ನೇ ದಿಟ್ಟಿಸುವ ಅವನ ನೋಟಕ್ಕೆ ಹೆದರಿ ಜನ ನಿಜವಾಗಿಯೂ ದನಿ ತಗ್ಗಿಸತೊಡಗಿದರು.

ಕೊನೆಗೆ ಟಯರು ನೋಡಿ ಬರುತ್ತೇನೆಂದು ಮನೆಯಲ್ಲಿ ಹೇಳಿ, ತನ್ನ ಪರಿಚಯದವರು ಯಾರೂ ಕಾಲಿಡದ ಬಡಾವಣೆಯೊಂದರಲ್ಲಿ ಕಿವಿಯ ಪರೀಕ್ಷೆ ಮಾಡಿಸಿಕೊಂಡು, ಹುಣಸೆಬೀಜದಷ್ಟು ಪುಟ್ಟ ಶ್ರವಣಯಂತ್ರವೊಂದನ್ನು ತಂದ. ಒಬ್ಬನೇ ಇರುವಾಗ ಹಾಕಿಕೊಂಡರೆ ಗಾಜು ಮೊದಲಿನಂತೆಯೇ ಮಾತಾಡಿತು. ಆದರೆ ಕಿವಿಯಣ್ಣನ ಕಿವಿಯಲ್ಲಿ ಮಷೀನು ಕಂಡರೆ ಅಂಗಡಿಯಲ್ಲಿ ಅವನಿಗೆ ಕೆಲಸವೆಲ್ಲಿಯದು? ಅದನ್ನು ಬಚ್ಚಿಡಬೇಕಿತ್ತು. ಮನೆಯಲ್ಲಿ ಇಟ್ಟರೆ ಹೆಂಡತಿ ಧೂಳು ಹೊಡೆಯುವಾಗ ಸಿಕ್ಕಿಬೀಳುತ್ತದೆ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇಡೋಣವೆಂದರೆ ಬೆಂಕಿಪೊಟ್ಟಣ ಹುಡುಕಿಕೊಂಡು ಅದಕ್ಕೆ ಕೈ ಹಾಕದವರೇ ಇಲ್ಲ. ಒಮ್ಮೆ ಫ್ಯೂಸು ನೋಡಲು ಆ ಪೆಟ್ಟಿಗೆಯನ್ನು ಕೆಳಕ್ಕೆ ಇಳಿಸಿದಾಗ ಅದರ ಹಿಂದೆ ಮುಚ್ಚಳವಿದ್ದ ಕಿರಿದಾದ ಗೂಡೊಂದು ಕಂಡಿತ್ತು. ಒಳಗೆ ನಿರಿಗೆ ನಿರಿಗೆಯಾದ ಕಾಗದದ ಹಲಗೆಯಂಥದ್ದೊಂದು. ಗಾಡಿ ಮಾಡಿದವರು ಹೆಚ್ಚಾಗಿ ಉಳಿದದ್ದನ್ನು ಇಲ್ಲಿ ತುರುಕಿರಬೇಕು ಎಂದುಕೊಂಡು ಅವನು ಅದನ್ನು ಕಿತ್ತೆಸೆದ. ಯಂತ್ರದ ಡಬ್ಬಿ ಅಲ್ಲಾಡಿ ಸದ್ದು ಮಾಡದಿರಲೆಂದು ಉಣ್ಣೆಯ ಮಫ್ಲರಿನಲ್ಲಿ ಸುತ್ತಿ ಆ ಗೂಡಿಗೆ ಒತ್ತಿ ಇಟ್ಟ. ಇಂಥದೊಂದು ಕಳ್ಳಗೂಡನ್ನು ಕಂಪನಿಯವರು ತನ್ನಂಥವನಿಗೆಂದೇ ಇಟ್ಟಿದ್ದಾರೆ ಎಂದು ಅವನಿಗೆ ಒಳಗೊಳಗೇ ಸಂತೋಷವಾಗಿತ್ತು.

ಬಿಸಿಲು ಏರಿದಾಗ ಏಸಿ ಕೈಕೊಟ್ಟಿತು. ಗಾಡಿ ಹೊರಡುವಾಗ ಅಷ್ಟಿಷ್ಟು ತಂಪು. ಊರು ದಾಟುವಷ್ಟರಲ್ಲಿ ಫ್ಯಾನು ಬೊಬ್ಬೆಯಿಡುತ್ತದೆ, ಗಾಳಿ ಮಾತ್ರ ಮುದುಕರ ಉಸಿರಿನಂತೆ ಬರುತ್ತದೆ. ಬೆವರಿಳಿದು ಸ್ಟಿಯರಿಂಗ್ ಜಾರತೊಡಗಿದಾಗ ಕಿಟಕಿ ಇಳಿಸದೆ ಗತಿಯಿಲ್ಲ. ಕಿಟಕಿ ಇಳಿಸಿದರೆ ಹೊರಗಿನ ಗಾಳಿ ಯಂತ್ರದೊಳಗೆ ನುಗ್ಗಿ ಹೋ ಎನ್ನುತ್ತದೆ. ಗಾಜೇನು, ಲಾರಿಯ ಹಾರ್ನೂ ಕೇಳುವುದಿಲ್ಲ. ಹಾಗೆ ಹೋದ ಒಂದು ದಿನ, ಹೊಸ ಕಟ್ಟಡವೊಂದರ ಮುಂದೆ ಕಂಬಳಿ ಸರಿಸಿದಾಗ ದೊಡ್ಡ ಹಾಳೆಯೊಂದು ಮೂಲೆಯಿಂದ ಮೂಲೆಗೆ ಸೀಳಿಹೋಗಿತ್ತು. ಅವನಿಗೆ ಏನೂ ಕೇಳಿಸಿರಲಿಲ್ಲ.

ಮಾಲೀಕ ಕೂಗಾಡಲಿಲ್ಲ. “ಕಿವಿಯಣ್ಣ, ನಿಮ್ಮ ಗಾಡಿಯಲ್ಲಿ ಒಡೀತು ಅಂದ್ರೆ ನಂಬೋಕೇ ಆಗ್ತಿಲ್ಲ. ಇನ್ನೊಂದು ಸಲ ಹೀಗಾದ್ರೆ ಕನ್ನಡಿ ಲೋಡೆಲ್ಲ ಆ ಹಸಿರು ಗಾಡಿಯವನಿಗೆ ಕೊಡಬೇಕಾಗುತ್ತೆ. ನೀವೇ ಹೇಳಿ, ನಾನೇನು ಮಾಡ್ಲಿ?”

“ಏಸಿ ಕೆಟ್ಟಿದೆ ಸಾರ್. ಕಿಟಕಿ ತೆಗೆದಿದ್ದೆ, ಅದಕ್ಕೇ.”

“ಹಾಗಾದ್ರೆ ಮೊದಲು ಅದನ್ನ ರಿಪೇರಿ ಮಾಡಿಸಿ. ನಿಮ್ಮ ಬಾಮೈದನೇ ಇದಾನಲ್ಲ.”

ಬಾಮೈದನೇ ಇದ್ದ, ತೊಂದರೆಯೇ ಅದು. ಹೆಂಡತಿಯ ತಮ್ಮ ಗಾಡಿಗಳ ಏಸಿ ರಿಪೇರಿಯ ಗ್ಯಾರೇಜು ಇಟ್ಟಿದ್ದ. ಗಾಜಿನ ಅಂಗಡಿಯ ಗಾಡಿಗಳೆಲ್ಲ ಅವನಲ್ಲಿಗೇ ಬರುತ್ತಿದ್ದವು, ಹಸಿರು ಗಾಡಿಯೂ ಸೇರಿದಂತೆ. ಮಾಲೀಕನೂ ಅವನೂ ಹೆಗಲ ಮೇಲೆ ಕೈ ಹಾಕಿ ಚಹಾ ಕುಡಿಯುವಷ್ಟು ಸಲಿಗೆ. ಕಿವಿಯಣ್ಣನ ತಲೆಯೊಳಗೆ ಲೆಕ್ಕ ತಾನೇ ತಾನಾಗಿ ಕೂಡಿಕೊಂಡಿತು: ಬೇಸಿಗೆಗೆ ಮೊದಲು ಇವನೇ ಒಮ್ಮೆ ಬಾನೆಟ್ ಎತ್ತಿ ನೋಡಿದ್ದ. ಆಮೇಲೆ ತಾನೇ ತಂಪು ಇಳಿದದ್ದು? ನನ್ನ ಗಾಡಿಯ ಒಳ್ಳೆಯ ಕಂಪ್ರೆಸರು ಈಗ ಯಾವ ಗಾಡಿಯಲ್ಲಿ ಓಡುತ್ತಿದೆಯೋ.

ಯಂತ್ರವನ್ನು ಗೂಡಿಗೆ ಸೇರಿಸಿಯೇ ಅವನು ಗ್ಯಾರೇಜಿಗೆ ಹೋದ. ಬಾಮೈದ ಬಾನೆಟ್ ಎತ್ತಿ, ಮೀಟರಿನ ಪೈಪುಗಳನ್ನು ಸಿಕ್ಕಿಸಿ, ಮುಳ್ಳುಗಳನ್ನು ನೋಡುತ್ತ ನಿಂತ. ಕಿವಿಯಣ್ಣ ಅವನ ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ನಿಂತು ಅವನ ತುಟಿ ನೋಡುತ್ತಿದ್ದ.

“ಭಾವ, ಸ್ವಲ್ಪ ಆ ಕಡೆ ನಿಂತ್ಕೊಳ್ಳಿ. ನೀವು ಹೀಗೆ ಮೈಮೇಲೆ ಬಿದ್ರೆ ನಾನು ಇಂಜಿನ್ ಒಳಗೇ ಹೋಗ್ಬಿಡ್ತೀನಿ.”

“ನಾನು ಎಲ್ಲಿ ನಿಂತ್ರೆ ನಿನಗೇನು? ನೀನು ಕೆಲಸ ಮಾಡು. ಕಂಪ್ರೆಸರು ಹಳೇದೇ ತಾನೇ?”

“ಹಳೇದೇ. ನಿಮ್ಮ ಹಾಗೇ ಗಟ್ಟಿಯಾಗಿದೆ.”

“ಮೇಲಿನ ಈ ಬಣ್ಣ ಮೊದಲು ಇರಲಿಲ್ಲ.”

“ಬಣ್ಣ ಅಲ್ಲ ಭಾವ, ಜಿಡ್ಡು.” ಬಾಮೈದ ಬೆರಳಲ್ಲಿ ಒರೆಸಿ ತೋರಿಸಿದ. ಗ್ಯಾಸು ಸೋರಿಲ್ಲ, ಬೆಲ್ಟು ಬಿಗಿಯಾಗಿದೆ. ಮುಂದಿನ ಜಾಲರಿಯ ಹುಳ, ಕೆಸರನ್ನೆಲ್ಲ ನೀರು ಹೊಡೆದು ತೊಳೆದದ್ದಾಯಿತು. ಆಮೇಲೆ ಅವನು ಸೀಟಿನಲ್ಲಿ ಕೂತು, ಗಾಳಿ ಬರುವ ಕಿಂಡಿಗೆ ಅಂಗೈ ಹಿಡಿದು, ಕಾಲ ಬಳಿ ತೊಟ್ಟಿಕ್ಕುತ್ತಿದ್ದ ನೀರನ್ನು ಮುಟ್ಟಿ ನೋಡಿದ. “ತಂಪು ಒಳಗೆ ಹುಟ್ತಿದೆ, ಹೊರಗೆ ಬರ್ತಿಲ್ಲ. ಗಾಳಿ ಎಲ್ಲೋ ಕಟ್ಟಿಕೊಂಡಿದೆ. ಅದಕ್ಕೇ ಕೂಲಿಂಗ್ ಕಾಯಿಲ್ ಮೇಲೆ ಐಸ್ ಕೂತ್ಕೊಳ್ತಿದೆ. ಈ ಪೆಟ್ಟಿಗೆ ಇಳಿಸಿ ಹಿಂದುಗಡೆ ನೋಡಿದ್ರೆ ಮುಗೀತು.”

ಕಿವಿಯಣ್ಣನ ಕೈ ತಟ್ಟನೆ ಪೆಟ್ಟಿಗೆಯ ಮೇಲೆ ಬಿತ್ತು. “ಅದನ್ನ ಮುಟ್ಟಬೇಡ.”

“ಯಾಕೆ?”

“ನನ್ನ ಸಾಮಾನಿದೆ.”

“ತೆಗೆದಿಟ್ಕೊಳ್ಳಿ.”

“ಬೇಡ ಅಂದ್ನಲ್ಲ. ಗ್ಯಾಸ್ ತುಂಬು, ಹೋಗ್ತೀನಿ.”

“ಗ್ಯಾಸ್ ಭರ್ತಿ ಇದೆ ಭಾವ. ಇನ್ನೂ ತುಂಬಿದ್ರೆ ಒಡೆದುಹೋಗುತ್ತೆ. ಅಲ್ಲಾ, ಒಳಗೆ ಏನಿಟ್ಟಿದೀರಿ ಅಂತ ಹೇಳಿದ್ರೆ ನಾನೇನು ನುಂಗಿಬಿಡ್ತೀನಾ?”

ಕಿವಿಯಣ್ಣ ಕೀಲಿ ಕಿತ್ತುಕೊಂಡು ಜೇಬಿಗೆ ಹಾಕಿದ. ಈಗ ಗುಮಾನಿಯ ಸರದಿ ಬಾಮೈದನದು. ಪೆಟ್ಟಿಗೆಯ ಮೇಲೆ ಹೀಗೆ ಕೈಯಿಟ್ಟು ಕಾಯುವವರನ್ನು ಅವನು ಬೇರೆ ಗಾಡಿಗಳಲ್ಲಿ ಕಂಡಿದ್ದ; ಅವರಲ್ಲಿ ಕೆಲವರನ್ನು ಆಮೇಲೆ ಪೊಲೀಸರ ನಡುವೆಯೂ ಕಂಡಿದ್ದ. ಅವನು ಶೆಡ್ಡಿನ ಮೂಲೆಗೆ ಹೋಗಿ, ಬೆನ್ನು ತಿರುಗಿಸಿ, ಫೋನು ಹಿಡಿದ. ಕಿವಿಯಣ್ಣ ಆ ಬೆನ್ನನ್ನೇ ದಿಟ್ಟಿಸಿದ. ಮಾಲೀಕನಿಗೇ ಮಾಡಿದ್ದಾನೆ, ಸಂಶಯವಿಲ್ಲ. ಗಾಡಿ ಹೊರಡಿಸೋಣವೆಂದರೆ ಬಾನೆಟ್ಟಿನೊಳಗೆ ಪೈಪುಗಳು ಇನ್ನೂ ಸಿಕ್ಕಿಕೊಂಡೇ ಇದ್ದವು. ಅದನ್ನೂ ಬೇಕೆಂದೇ ಬಿಟ್ಟಿದ್ದಾನೆ ಎಂದುಕೊಂಡ.

ಆದರೆ ಆ ಫೋನು ಕೇಳಿ ಓಡಿ ಬಂದವಳು ಹೆಂಡತಿ. ಎರಡು ಬೀದಿ ಆಚೆಯ ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಅವಳು ಕೊರಳಲ್ಲಿ ಅಳತೆಪಟ್ಟಿಯನ್ನು ಹಾಗೇ ನೇತುಹಾಕಿಕೊಂಡು ಬಂದಳು. ಅವಳ ಹೊಟ್ಟೆಯಲ್ಲೂ ಒಂದು ಸಂಶಯ ಬಹಳ ದಿನದಿಂದ ಕೂತಿತ್ತು. ಕರೆದರೆ ಓಗೊಡದ, ಮಾತಾಡಿಸಿದರೆ ಎಲ್ಲೋ ನೋಡುವ, ಟಯರು ನೋಡಲು ಹೋಗಿ ಟಯರಿಲ್ಲದೆ ಬರುವ ಗಂಡನ ಬಗ್ಗೆ ಹೆಂಡತಿಗೆ ಹುಟ್ಟುವ ಸಂಶಯ ಎಲ್ಲ ಕಡೆ ಒಂದೇ. ಅವಳು ಯಾರನ್ನೂ ಕೇಳಲಿಲ್ಲ. ಆಚೆ ಬದಿಯಿಂದ ಗಾಡಿ ಹತ್ತಿ ಕೂತು, ಪೆಟ್ಟಿಗೆಯನ್ನು ಎಳೆದಳು.

“ಏ, ಬಿಡೇ ಅದನ್ನ.”

“ಕೈ ತೆಗೀರಿ. ಅವಳು ಯಾರು ಅಂತ ನಾನೂ ನೋಡ್ಬೇಕು.”

“ಯಾರು?”

“ಅದನ್ನೇ ನಾನು ಕೇಳ್ತಿರೋದು.”

ಬಾಮೈದ ಎರಡೂ ಬದಿಯ ಕೊಂಡಿಯನ್ನು ಹೇಗೆ ಒತ್ತಬೇಕೆಂದು ಅಕ್ಕನಿಗೆ ಬೆರಳಲ್ಲೇ ತೋರಿಸಿದ. ಪೆಟ್ಟಿಗೆ ಕೆಳಗೆ ಬಿತ್ತು. ಅವಳು ಗೂಡಿನ ಮುಚ್ಚಳ ಸರಿಸಿ ಎಳೆದಳು. ತೇವದಿಂದ ಭಾರವಾಗಿದ್ದ, ಗಾಡಿಯ ಧೂಳನ್ನೆಲ್ಲ ಹೀರಿ ಕಪ್ಪಾಗಿದ್ದ ಮಫ್ಲರು ಸತ್ತ ಬೆಕ್ಕಿನಂತೆ ಹೊರಗೆ ಬಂತು. ಅದರ ಮಡಿಕೆಯಿಂದ ಪುಟ್ಟ ಡಬ್ಬಿ ಅವಳ ಮಡಿಲಿಗೆ ಬಿತ್ತು. ಓಲೆಯೋ ಉಂಗುರವೋ ಇರಬೇಕೆಂದು ಹಲ್ಲು ಕಚ್ಚಿಕೊಂಡೇ ತೆರೆದಳು. ಒಳಗಿದ್ದುದು ಶ್ರವಣಯಂತ್ರ.

ಮೊದಲು ಮಾತಾಡಿದವನು ಬಾಮೈದ. “ಭಾವ, ಈ ಗಾಡಿಗೆ ಮೂಗು ಇರೋದೇ ಇಲ್ಲಿ. ಹೊರಗಿನ ಗಾಳಿ ಇಲ್ಲಿಂದಾನೇ ಶೋಧಿಸ್ಕೊಂಡು ಒಳಗೆ ಬರಬೇಕು. ನೀವು ಅದರ ಮೂಗಿಗೆ ಮಫ್ಲರ್ ತುರುಕಿದೀರಲ್ಲ. ಇಲ್ಲಿದ್ದ ಫಿಲ್ಟರ್ ಎಲ್ಲಿ?”

ಕಿವಿಯಣ್ಣ ಉತ್ತರ ಕೊಡಲಿಲ್ಲ. ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಿದ್ದನೋ ಎಂದು ಹೆಂಡತಿ ಮೊದಲ ಸಲ ಯೋಚಿಸಿದಳು. ಅವನ ಭುಜ ಮುಟ್ಟಿ ತನ್ನ ಕಡೆ ತಿರುಗಿಸಿಕೊಂಡು, ನಿಧಾನವಾಗಿ ಅಂದಳು: “ಕಿವಿ ಕೇಳಲ್ಲ ಅಂತ ಹೇಳೋಕೆ ಏನಾಗಿತ್ತು ರೀ? ನನ್ನ ಮಾತಂದ್ರೆ ಬೇಡವಾಗಿದೆ ಅಂದ್ಕೊಂಡಿದ್ದೆ.”

“ನಿನ್ನ ಮಾತು ಕೇಳಿಸ್ದೇ ಇರೋದರಲ್ಲಿ ಸ್ವಲ್ಪ ಲಾಭಾನೂ ಇತ್ತು” ಅಂದ ಅವನು. ಅವಳು ಅಳತೆಪಟ್ಟಿಯಲ್ಲೇ ಅವನಿಗೊಂದು ಬಾರಿಸಿದಳು.

ಹೊಸ ಫಿಲ್ಟರು ಹಾಕಿ, ಐಸು ಕರಗಿದ ಮೇಲೆ ಇಂಜಿನ್ ಚಾಲೂ ಮಾಡಿದಾಗ ಕಿಂಡಿಗಳಿಂದ ಗಾಳಿ ಮುಖಕ್ಕೆ ರಾಚಿತು. ಅಷ್ಟರಲ್ಲಿ ಬಾಮೈದನ ಫೋನು ಮಿನುಗಿತು. ಪರದೆಯ ಮೇಲೆ ಮಾಲೀಕನ ಮುಖ. ಕಿವಿಯಣ್ಣ ಹೆಂಡತಿಯ ಮಡಿಲಿನಿಂದ ಯಂತ್ರವನ್ನು ತೆಗೆದು, ಇಬ್ಬರೆದುರೇ ಕಿವಿಗೆ ಸಿಕ್ಕಿಸಿಕೊಂಡ. ನಾಚಿಕೆಗಿಂತ ಗುಮಾನಿ ದೊಡ್ಡದಾಗಿತ್ತು.

“ಹ್ಞಾಂ ಸಾರ್, ಸಿಕ್ತು” ಎನ್ನುತ್ತಿದ್ದ ಬಾಮೈದ. “ಇಲಿ ಸಾರ್. ಫಿಲ್ಟರ್ ಗೂಡಲ್ಲಿ ಗೂಡು ಕಟ್ಟಿತ್ತು. ಬಟ್ಟೆ, ಹತ್ತಿ, ಏನೇನೋ ತುಂಬ್ಕೊಂಡಿತ್ತು. ನಾನೇ ಎಳೆದು ಹಾಕ್ದೆ, ಕೈಯಿಡೀ ನಾರ್ತಿದೆ. ಭಾವನದೇನೂ ತಪ್ಪಿಲ್ಲ. ಅವರ ಕಿವಿನಾ? ಅಯ್ಯೋ, ನಾನು ಇಲ್ಲಿ ಉಗುಳು ನುಂಗಿದ್ರೂ ಅವರಿಗೆ ಅಲ್ಲಿ ಕೇಳುತ್ತೆ.”

ಒಂದೊಂದು ಅಕ್ಷರವೂ ಕೇಳಿಸಿತು. ಬಾಮೈದ ತನ್ನ ಪರವಾಗಿ ನಿಂತಿದ್ದ. ಕಂಪ್ರೆಸರು ಕದ್ದಿರಲಿಲ್ಲ, ಚಾಡಿ ಹೇಳಿರಲಿಲ್ಲ. ಕಿವಿಯಣ್ಣ ಒಂದು ಗಳಿಗೆ ಅವನನ್ನು ಪ್ರೀತಿಯಿಂದ ನೋಡಿದ್ದು ನಿಜ. ಆದರೆ ಆ ಗಳಿಗೆ ದಾಟುತ್ತಿದ್ದಂತೆ ಒಳಗಿನ ಹಳೆಯ ಕಾವಲುಗಾರ ಎದ್ದು ಕೂತ. ಇಲ್ಲದ ಇಲಿಯನ್ನು ಹುಟ್ಟಿಸಿ, ಅದಕ್ಕೆ ಗೂಡು ಕಟ್ಟಿಸಿ, ನಾತವನ್ನೂ ಕೂಡಿಸುವಷ್ಟು ಸಲೀಸಾಗಿ ಸುಳ್ಳು ಹೇಳುವವನು ನಾಳೆ ನನ್ನ ಮೇಲೆ ಮುನಿಸಾದರೆ ನಿಜವನ್ನು ಅಷ್ಟೇ ಸಲೀಸಾಗಿ ಹೇಳಲಾರನೇ? ತನ್ನ ಕೆಲಸ ಇನ್ನು ಮುಂದೆ ಬಾಮೈದನ ನಾಲಗೆಯ ತುದಿಯಲ್ಲಿ. ಅಂಥ ಜಾಗದಲ್ಲಿ ಅದನ್ನು ಬಿಟ್ಟು ನೆಮ್ಮದಿಯಾಗಿ ನಿದ್ದೆ ಮಾಡುವ ಜಾಯಮಾನ ಅವನದಲ್ಲ.

ಅವನು ನೆಟ್ಟಗೆ ಅಂಗಡಿಗೆ ಗಾಡಿ ಬಿಟ್ಟ. ಗಾಜು ಕತ್ತರಿಸುವ ಮೇಜಿನ ಬಳಿ ನಿಂತಿದ್ದ ಮಾಲೀಕನ ಮುಂದೆ ತಲೆ ಓರೆ ಮಾಡಿ ಕಿವಿ ತೋರಿಸಿದ. “ಇಲಿ ಗಿಲಿ ಏನೂ ಇಲ್ಲ ಸಾರ್. ಇದನ್ನ ಅಲ್ಲಿ ಬಚ್ಚಿಟ್ಟಿದ್ದೆ, ಗಾಳಿ ಕಟ್ಟಿತ್ತು. ಇದು ಇದ್ದು, ಕಿಟಕಿ ಮುಚ್ಚಿದ್ರೆ ಎಲ್ಲಾ ಕೇಳುತ್ತೆ. ಇಲ್ಲದಿದ್ರೆ ಕೇಳಲ್ಲ. ಬೇರೆಯವರ ಬಾಯಲ್ಲಿ ನಿಮಗೆ ಗೊತ್ತಾಗೋದು ಬೇಡ ಅಂತ ಬಂದೆ.”

ಕತ್ತರಿಸುವ ಸದ್ದು ನಿಂತಿತು. ಮಾಲೀಕ ಆ ಕಿವಿಯನ್ನೂ ಹೊರಗಿನ ಗಾಡಿಯನ್ನೂ ನೋಡಿದ. ಆಮೇಲೆ ಅವನು ಆಡಿದ ಮಾತಿನಲ್ಲೂ ಪೂರ್ತಿ ನಂಬಿಕೆ ಇರಲಿಲ್ಲ. “ಒಂದು ಕನ್ನಡಿ ಲೋಡ್ ಇದೆ. ಗೋಡೆಗೆ ಕನ್ನಡಿ ಕೂರಿಸೋ ಫಿಟ್ಟರ್ ನಿಮ್ಮ ಪಕ್ಕದಲ್ಲೇ ಕೂತು ಬರ್ತಾನೆ. ಅವನು ಏನು ಹೇಳ್ತಾನೋ ನೋಡಿ ಮುಂದಿನ ಮಾತು.”

ಫಿಟ್ಟರ್ ದಾರಿಯುದ್ದಕ್ಕೂ ಸೀಟಿನ ಅಂಚಿನಲ್ಲಿ ಕೂತು ಅವನ ಕಿವಿಯನ್ನೇ ಗಮನಿಸಿದ. ಊರ ಹೊರಗಿನ ತಿರುವಿನಲ್ಲಿ ಕಿವಿಯಣ್ಣ ಗಾಡಿ ನಿಲ್ಲಿಸಿ, ಇಳಿದು, ಹಗ್ಗವೊಂದನ್ನು ಬಿಗಿದು ಬಂದ. “ನನಗೇನೂ ಕೇಳಿಸ್ಲಿಲ್ಲಪ್ಪ” ಎಂದು ಫಿಟ್ಟರ್ ಅನುಮಾನದಿಂದಲೇ ಇಳಿದುಹೋಗಿ ನೋಡಿ ಬಂದ. ಕನ್ನಡಿಗಳು ಕೂದಲೆಳೆಯಷ್ಟೂ ಗೀರಿಲ್ಲದೆ ಗೋಡೆ ಸೇರಿದವು.

ಮಾಲೀಕನ ಫೋನು ಬಂದಾಗ ಫಿಟ್ಟರ್ ಗೋಡೆಯ ಮರೆಗೆ ಸರಿದು ನಿಂತ. ಹಗ್ಗ ಸುತ್ತುತ್ತಿದ್ದ ಕಿವಿಯಣ್ಣನ ಕೈ ನಿಂತಿತು.

“ಹೇಗಿತ್ತೋ?” ಎಂಬ ಮಾಲೀಕನ ದನಿ ಇಲ್ಲಿಯವರೆಗೂ ಬಂತು.

“ಚಳಿ ಸಾರ್” ಅಂದ ಫಿಟ್ಟರ್. “ಕಿಟಕಿ ತೆಗೆಯೋಕೆ ಬಿಡ್ಲಿಲ್ಲ, ಏಸಿ ಕಡಿಮೆ ಮಾಡೋಕೂ ಬಿಡ್ಲಿಲ್ಲ. ನಾಳೆಯಿಂದ ಇವರ ಜೊತೆ ಕಳಿಸೋದಾದ್ರೆ ನನಗೊಂದು ಸ್ವೆಟರ್ ಕೊಡಿಸಿ.”

“ಮಾಲು?”

“ಮಾಲಿಗೇನಾಗಿದೆ? ಚೆನ್ನಾಗಿದೆ.”

“ಸರಿ. ನಾಳೆ ಬೆಳಿಗ್ಗೆ ಕನ್ನಡಿ ಅವರ ಗಾಡಿಗೇ ಏರಿಸೋಕೆ ಹೇಳು.”

ಕಿವಿಯಣ್ಣ ಮತ್ತೆ ಹಗ್ಗ ಸುತ್ತತೊಡಗಿದ. ‘ನಾಳೆ ಬೆಳಿಗ್ಗೆ’ ಅಂದರಲ್ಲ, ನಾಡಿದ್ದಿನ ಮಾತು ಯಾಕೆ ಎತ್ತಲಿಲ್ಲ ಎಂಬ ಯೋಚನೆ ಅವನಿಗೆ ಆಗಲೇ ಹತ್ತಿಕೊಂಡಿತ್ತು.