ಸ್ವಿಚ್ ಆರಿಸದೆ ಸಿಕ್ಕಿಸಿದ ಬೋರ್ಡು

ಇದನ್ನು ಹೇಳುವುದನ್ನು ಎರಡು ವರ್ಷದಿಂದ ಮುಂದೂಡುತ್ತ ಬಂದಿದ್ದೇನೆ. ಮೊದಲು ನನ್ನ ಕಣ್ಣಿನ ಆಪರೇಷನ್ ಮುಗಿಯಲಿ ಎಂದುಕೊಂಡೆ, ಆಮೇಲೆ ಮಳೆ ನಿಲ್ಲಲಿ ಎಂದೆ. ಕಣ್ಣು ಸರಿಹೋಯಿತು. ಸೇಲಂ ಪಕ್ಕದ ನಮ್ಮ ಒಣ ಕಡಯಂಪಟ್ಟಿಯಲ್ಲಿ ಮಳೆಯ ನೆಪ ಎಷ್ಟು ದಿನ ನಡೆದೀತು?

ಮೂವತ್ತು ವರ್ಷ ಟಿವಿ ರಿಪೇರಿ ಮಾಡಿದವನು ನಾನು. ಅಂಗಡಿ ಮುಚ್ಚಿದ ಮೇಲೆ ಸೇಲಂನ ಗುಜರಿಯಲ್ಲಿ ಒಂದು ಹಳೆಯ ಕಂಪ್ಯೂಟರ್ ಸಿಕ್ಕಿತು. ಟಿವಿಗೆ ಸಿಕ್ಕಿಸುವ, ಕೀಬೋರ್ಡಿನ ಹೊಟ್ಟೆಯಲ್ಲೇ ಎಲ್ಲವೂ ಇರುವ ಜಾತಿಯದು. ಅದರ ಮೆಮೊರಿ ಎಷ್ಟು ಕಡಿಮೆಯೆಂದರೆ ಮದುವೆಯ ಕರೆಯೋಲೆಯಷ್ಟು ಬರೆದರೆ ಸುಸ್ತಾಗುತ್ತಿತ್ತು. ಹಿಂಬದಿಯಲ್ಲಿ ಒಂದು ಸೀಳಿತ್ತು. ಅದಕ್ಕೆ ಹೆಚ್ಚಿನ ಮೆಮೊರಿಯ ಬೋರ್ಡನ್ನು ನಾವೇ ಮಾಡಿ ಸಿಕ್ಕಿಸಬಹುದು. ಇಂಥ ಹುಚ್ಚಿನವರು ಊರೂರಲ್ಲಿದ್ದಾರೆ. ಅವರಲ್ಲೊಬ್ಬರು ಬರಿಯ ಬೋರ್ಡನ್ನೂ ಬಿಡಿಭಾಗಗಳನ್ನೂ ಅಂಚೆಯಲ್ಲಿ ಕಳಿಸಿದರು.

ಕಳಿಸಿದ್ದೇನೋ ಸರಿ, ನನ್ನ ಕೈ ಆಗಲೇ ನಡುಗುತ್ತಿತ್ತು. ಚಿಪ್ಪುಗಳ ಸಣ್ಣ ಸಣ್ಣ ಕಾಲುಗಳಿಗೆ ಸಾಸಿವೆಯಷ್ಟು ಜಾಗದಲ್ಲಿ ಬೆಸುಗೆ ಹಾಕಬೇಕು. ಆಗ ನೆನಪಾದದ್ದು ಪಕ್ಕದ ಬೀದಿಯ ಅತ್ತಿಗೆ, ತೀರಿಹೋದ ನನ್ನ ಅಣ್ಣನ ಹೆಂಡತಿ. ಆಕೆ ಬೆಳ್ಳಿಯ ಕಾಲ್ಗೆಜ್ಜೆ ಮಾಡುವ ಪಟ್ಟರೆಗೆ, ಅಂದರೆ ಕಾರ್ಖಾನೆಗೆ, ನಲವತ್ತು ವರ್ಷದಿಂದ ಮನೆಯಲ್ಲೇ ಕುಳಿತು ಕೊಂಡಿಗಳಿಗೆ ಬೆಸುಗೆ ಹಾಕಿಕೊಡುತ್ತಿದ್ದರು. ಕೂದಲೆಳೆಯಂಥ ಕೊಂಡಿಗಳಿದ್ದರೆ ಪಟ್ಟರೆಯವರು ಬೇರೆ ಯಾರನ್ನೂ ಕೇಳುತ್ತಿರಲಿಲ್ಲ.

ಬೋರ್ಡನ್ನು ತಿರುಗಿಸಿ ನೋಡಿ ಅತ್ತಿಗೆ ಕೇಳಿದರು, “ಇಷ್ಟೆಲ್ಲ ಕಷ್ಟಪಟ್ಟು ಆಕುದ್ರೆ ಕಡೆಗೆ ಇದ್ರಲ್ಲಿ ಏನ್ ಬತ್ತದೆ ಮೈದ್ನಾ?”

“ಒಂದು ಚೆಂಡು ಬತ್ತದೆ ಅತ್ತಿಗೆ. ಗೋಡೆಗೆ ಒಡುದು ವಾಪಸ್ ಬತ್ತದೆ.”

“ಅಷ್ಟೇನಾ? ನಮ್ ಬೀದೀಲಿ ದಿನಾ ಬತ್ತೈತಲ್ಲ, ನಮ್ ಜನ್ನಲ್ ಗಾಜ್ಗೇ.”

ಹಾಗೆನ್ನುತ್ತಲೇ ಮೂರು ಮಧ್ಯಾಹ್ನ ಕುಳಿತು ಹಾಕಿಕೊಟ್ಟರು. ಬೆಳ್ಳಿಗೆ ಬಳಸುವ ಊದುದೀಪ ಬಿಟ್ಟು ನನ್ನ ಕರೆಂಟಿನ ಬೆಸುಗೆ ಕಡ್ಡಿ ಹಿಡಿದದ್ದು ಅದೇ ಮೊದಲು. ಆದರೂ ಒಂದೊಂದು ಬೆಸುಗೆಯೂ ಗಸಗಸೆ ಕಾಳಿನ ಹಾಗೆ ದುಂಡಗೆ ಕೂತಿತ್ತು. ನನ್ನ ಮೂವತ್ತು ವರ್ಷದ ಅಂಗಡಿಯಲ್ಲಿ ನಾನು ಅಂಥದ್ದೊಂದನ್ನೂ ಹಾಕಿರಲಿಲ್ಲ.

ಸಿಕ್ಕಿಸುವ ದಿನ ಅತ್ತಿಗೆಗೆ ತೋರಿಸಲೆಂದು ಆ ಚೆಂಡಿನ ಆಟವನ್ನು ಒಂದು ಗಂಟೆ ಕೂತು ಅಕ್ಷರ ಅಕ್ಷರವಾಗಿ ಟೈಪ್ ಮಾಡಿದ್ದೆ. ಸ್ವಿಚ್ ಆರಿಸಿದರೆ ಅಷ್ಟೂ ಅಳಿಸಿಹೋಗುತ್ತದೆ. ಆರಿಸದೆ ಹಿಂಬದಿಗೆ ಏನನ್ನೂ ತುರುಕಬಾರದು ಎಂಬುದು ಈ ಯಂತ್ರಗಳ ಮೊದಲ ಪಾಠ. ಅದನ್ನು ನಾನೇ ನಾಲ್ಕು ಜನರಿಗೆ ಫೋನಿನಲ್ಲಿ ಹೇಳಿಕೊಟ್ಟಿದ್ದೆ. ಮೆಲ್ಲಗೆ ತಳ್ಳಿದರೆ ಅದಕ್ಕೇನು ಗೊತ್ತಾಗುತ್ತದೆ ಎಂದುಕೊಂಡೆ. ಅತ್ತಿಗೆ ಒಳಗೆ ಕಾಫಿ ಬಸಿಯುತ್ತಿದ್ದರು. ಮೆಲ್ಲಗೇ ತಳ್ಳಿದೆ. ಅದಕ್ಕೆ ಗೊತ್ತಾಯಿತು. ಟಿವಿ ಒಮ್ಮೆ ಬೆಳ್ಳಗಾಗಿ ಕಪ್ಪಾಯಿತು, ಬೋರ್ಡಿನಿಂದ ಸುಟ್ಟ ವಾಸನೆ ಬಂತು.

ಲೋಟ ಹಿಡಿದು ಬಂದ ಅತ್ತಿಗೆ ಏನಾಯಿತೆಂದು ಕೇಳುವಷ್ಟರಲ್ಲಿ ನಾನು ಸ್ವಿಚ್ ಆರಿಸಿ ಸಾಧುವಿನಂತೆ ಕೂತಿದ್ದೆ.

“ಬೆಸುಗೇಲಿ ಎಲ್ಲೋ ಎರಡು ಕಾಲು ಅಂಟ್ಕೊಂಡಿರ್ಬೇಕು ಅತ್ತಿಗೆ,” ಎಂದೆ.

ಅವರು ಕನ್ನಡಕ ಹಾಕಿಕೊಂಡು, ಬೋರ್ಡನ್ನು ಬಾಗಿಲ ಬೆಳಕಿಗೆ ಒಯ್ದು, ಸೂಜಿಯ ತುದಿಯಿಂದ ಒಂದೊಂದೇ ಕಾಲನ್ನು ಮುಟ್ಟಿ ನೋಡಿದರು. ಕಾಫಿ ಆರಿತು. “ನಂಗೇನೂ ಕಾಣ್ತಿಲ್ಲ,” ಎಂದರು. “ಕಣ್ಣು ಕಾಣ್ದಂಗಾಗೈತೆ ಅಂತ್ಲೇ ಅರ್ಥ.”

ಅವರು ಹೋದ ಮೇಲೆ ನಾನು ಮೀಟರ್ ಹಿಡಿದು ಎಲ್ಲ ಕಾಲುಗಳನ್ನೂ ಪರೀಕ್ಷಿಸಿದೆ. ಒಂದೂ ಅಂಟಿರಲಿಲ್ಲ. ಆಗಲೇ ಚಪ್ಪಲಿ ಮೆಟ್ಟಿ ಪಕ್ಕದ ಬೀದಿಗೆ ಹೋಗಬೇಕಿತ್ತು. ನಾಳೆ ಹೋದರಾಯಿತು ಎಂದುಕೊಂಡೆ. ಆ ವಾರದಲ್ಲೇ ಅತ್ತಿಗೆ ಪಟ್ಟರೆಯವರಿಗೆ, ಕಣ್ಣು ಹೋಯಿತು, ಸಣ್ಣ ಕೊಂಡಿ ಇನ್ನು ಕೊಡಬೇಡಿ ಎಂದು ಹೇಳಿಕಳಿಸಿದ್ದು ನನಗೆ ತಡವಾಗಿ ಗೊತ್ತಾಯಿತು. ಈಗ ಅವರು ಬೇರೆಯವರು ಮಾಡಿದ ಗೆಜ್ಜೆಗಳನ್ನು ಸೀಗೆಕಾಯಿ ನೀರಲ್ಲಿ ತಿಕ್ಕಿ ತೊಳೆದುಕೊಡುತ್ತಾರೆ.

ಹೋದ ವಾರ ಅವರೇ ಬಂದರು. ಮೊಮ್ಮಗಳ ಗೆಜ್ಜೆಯ ಕೊಂಡಿ ಬಿಟ್ಟುಹೋಗಿತ್ತು. ಅದನ್ನು ನನ್ನ ಮುಂದೆ ಇಟ್ಟು, “ನೀನೇ ಆಕ್ಕೊಡಪ್ಪ, ನನ್ ಕೈ ನಂಬಂಗಿಲ್ಲ,” ಎಂದರು. ನಡುಗುವ ಕೈಯಲ್ಲಿ, ಟಿವಿಗೆ ಹಾಕುವ ಸೀಸದಲ್ಲಿ, ಬೆಳ್ಳಿಯ ಮೇಲೆ ಒಂದು ಉಂಡೆ ಮೆತ್ತಿದೆ. ಅತ್ತಿಗೆ ಅದನ್ನು ದೂರ ಹಿಡಿದು ನೋಡಿ ನಕ್ಕರು. “ಪರವಾಯಿಲ್ಲ. ನೊಣ ಕೂತಂಗೈತೆ. ಓಡ್ಸುದ್ರೆ ಓಗ್ತದೆ.”

ಅಷ್ಟು ದೂರದಿಂದ ಅದು ಕಂಡ ಕಣ್ಣಿಗೆ ಏನೂ ಆಗಿಲ್ಲ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ನನಗೆ ಸಿಕ್ಕದು. ಆಗಲೂ ನಾನು ಕಾಫಿ ಬೇಕಾ ಎಂದು ಕೇಳಿದೆ.

ಈಗ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಗಡಿಯಾಚೆ ಸೋದರಮಾವನ ಮನೆಯಲ್ಲಿದ್ದು ಹತ್ತನೆಯ ತರಗತಿಯವರೆಗೆ ಓದಿದ್ದರಿಂದ ನನಗೆ ಈ ಅಕ್ಷರ ಬರುತ್ತದೆ. ಮನೆಯಲ್ಲಿ ಕನ್ನಡವನ್ನೇ ಆಡುವ ಅತ್ತಿಗೆಗೆ ಓದಲು ಬರುವುದು ತಮಿಳು ಮಾತ್ರ. ಅದು ಗೊತ್ತಿದ್ದೇ ಬರೆಯಲು ಕೂತೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಹಾಗಾಗಿ ಬರೆದು ಮುಗಿಸಿದರೆ ನನ್ನ ಕೆಲಸ ಮುಗಿಯುವುದಿಲ್ಲ. ಈ ಹಾಳೆಯನ್ನು ಹಿಡಿದುಕೊಂಡು ಹೋಗಿ ಎದುರು ಕೂತು ಗಟ್ಟಿಯಾಗಿ ಓದಬೇಕಾದದ್ದು ಒಬ್ಬರ ಮುಂದೆ, ನನ್ನ ಅತ್ತಿಗೆಯ ಮುಂದೆ.